ಪೀಪ್ 16ಕ್ಕೆ ಏರಿಸಿದ ಮೇಲೆ ಪ್ಲೇಟೋ 34, ಆಕ್ಸಿಜನ್ ಇದ್ದಲ್ಲೇ ಇದೆ: ಶ್ವಾಸಕೋಶದ ಚಿತ್ರ ನೋಡಿ ಹೇಗೆ ಹೊಂದಿಸುವುದು?

ಪ್ರಶ್ನೆ:
ನ್ಯುಮೋನಿಯಾದಿಂದ ಬಂದ ಎಆರ್‌ಡಿಎಸ್ (ಶ್ವಾಸಕೋಶ ತೀವ್ರವಾಗಿ ಊದಿಕೊಂಡು ರಕ್ತಕ್ಕೆ ಆಕ್ಸಿಜನ್ ಸಾಲದ ಸ್ಥಿತಿ), ರೋಗಿ ವೆಂಟಿಲೇಟರ್‌ನಲ್ಲಿ. ಪುರುಷ, ಎತ್ತರ 170 ಸೆಂ.ಮೀ. ವಾಲ್ಯೂಮ್ ಕಂಟ್ರೋಲ್, ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) 400 ಮಿ.ಲೀ., ರೇಟ್ 24. ಪೀಪ್ (ಉಸಿರು ಹೊರಬಿಟ್ಟ ಮೇಲೂ ಉಳಿಸುವ ಒತ್ತಡ) 10 ಇದ್ದಾಗ ಪ್ಲೇಟೋ (ಉಸಿರು ತುಂಬಿ ನಿಂತಾಗಿನ ಒತ್ತಡ) 24, ಪಿ/ಎಫ್ (ರಕ್ತದ ಆಕ್ಸಿಜನ್‌ಗೂ ಕೊಡುವ ಆಕ್ಸಿಜನ್‌ಗೂ ಇರುವ ಅನುಪಾತ) 120. ಎಕ್ಸ್‌ರೇಯಲ್ಲಿ ಎರಡೂ ಕಡೆ ಬೆಳ್ಳಗೆ ಕಂಡಿದ್ದರಿಂದ ಪೀಪ್ 16 ಮಾಡಿದೆವು. ಈಗ ಪ್ಲೇಟೋ 34, ಪಿ/ಎಫ್ 118, ಕಾರ್ಬನ್ ಡೈಆಕ್ಸೈಡ್ 48ರಿಂದ 58ಕ್ಕೆ ಹೋಗಿದೆ, ಬಿಪಿ ಇಳಿಯುತ್ತಿದೆ. ಇಐಟಿ (ಗಾಳಿ ಎಲ್ಲಿ ಓಡಾಡುತ್ತಿದೆ ಎಂದು ವಿದ್ಯುತ್ ತಡೆಯಿಂದ ತೋರಿಸುವ ಸಾಧನ) ಬೆಲ್ಟ್ ಹಾಕಿದರೆ ಬೆನ್ನಿನ ಕಡೆಯ ಭಾಗ ಪೂರ್ತಿ ಕಪ್ಪು. ಇನ್ನೂ ಏರಿಸಬೇಕೇ?

ಉತ್ತರ 1:
ಬೇಡ. ಮೊದಲು ಅಲ್ಟ್ರಾಸೌಂಡ್ ಪ್ರೋಬ್ ಹಿಡಿದು ಎದೆಯ ಮುಂಭಾಗದಲ್ಲಿ ಎರಡೂ ಕಡೆ ಪ್ಲೂರಾ (ಶ್ವಾಸಕೋಶದ ಹೊದಿಕೆ) ಜಾರುತ್ತಿದೆಯೇ ನೋಡಿ. ಪ್ಲೇಟೋ ಏರಿ ಬಿಪಿ ಇಳಿದಾಗ ನ್ಯುಮೊಥೊರಾಕ್ಸ್ (ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಳ್ಳುವುದು) ಇಲ್ಲವೆಂದು ಖಚಿತವಾಗಲೇಬೇಕು. ಜಾರುತ್ತಿದ್ದರೆ ಪೀಪ್ ತಕ್ಷಣ 10ಕ್ಕೆ ಇಳಿಸಿ.

ನಿಮ್ಮ ಅಂಕಿಗಳೇ ಕಾರಣ ಹೇಳುತ್ತಿವೆ. ಡ್ರೈವಿಂಗ್ ಪ್ರೆಶರ್ (ಪ್ಲೇಟೋದಿಂದ ಪೀಪ್ ಕಳೆದದ್ದು) 14 ಇದ್ದದ್ದು 18 ಆಗಿದೆ, ಕಂಪ್ಲಯನ್ಸ್ (ಶ್ವಾಸಕೋಶ ಹಿಗ್ಗುವ ಗುಣ) 29ರಿಂದ 22ಕ್ಕೆ ಕುಸಿದಿದೆ. ಮುಚ್ಚಿದ ಜಾಗ ತೆರೆದಿದ್ದರೆ ಇದು ತಿರುವುಮುರುವಾಗಿರುತ್ತಿತ್ತು. ಆಗಲೇ ತೆರೆದಿದ್ದ ಮುಂಭಾಗ ಅತಿಯಾಗಿ ಉಬ್ಬಿ, ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಹೋಗಿ ಡೆಡ್ ಸ್ಪೇಸ್ (ಗಾಳಿ ಬಂದರೂ ರಕ್ತ ತಲುಪದ ಜಾಗ) ಹೆಚ್ಚಿದೆ. ರೇಟ್, ವಾಲ್ಯೂಮ್ ಬದಲಾಗದೆಯೂ ಕಾರ್ಬನ್ ಡೈಆಕ್ಸೈಡ್ ಏರಿದ್ದು ಅದಕ್ಕೇ. ಟೈಡಲ್ ವಾಲ್ಯೂಮ್ ಸರಿಯಿದೆ, ಎತ್ತರದ ಲೆಕ್ಕದ 66 ಕೆ.ಜಿ.ಗೆ 6 ಮಿ.ಲೀ.ನಂತೆ.

ಮಲಗಿಸಿ ತೆಗೆದ ಎಕ್ಸ್‌ರೇ ನಂಬಿ ಪೀಪ್ ನಿರ್ಧರಿಸಬೇಡಿ. ಬೆನ್ನಿನ ಕಡೆ ಹರಡಿದ ಪ್ಲೂರಲ್ ನೀರೂ ಕುಸಿದ ಹಾಲೆಯೂ ಇಡೀ ಶ್ವಾಸಕೋಶವೇ ಬೆಳ್ಳಗಾದಂತೆ ತೋರಿಸುತ್ತವೆ. 2019ರ ಲೈವ್ (LIVE) ಎಂಬ ಅಧ್ಯಯನದಲ್ಲಿ ಸುಮಾರು ಐದನೇ ಒಂದು ಪಾಲು ರೋಗಿಗಳ ವಿಂಗಡಣೆಯೇ (ರೋಗ ಕೆಲವೇ ಭಾಗಗಳಲ್ಲಿದೆಯೋ, ಎಲ್ಲೆಡೆ ಹರಡಿದೆಯೋ ಎಂಬುದು) ತಪ್ಪಿತ್ತು. ಶ್ವಾಸಕೋಶಕ್ಕೆ ಹೊಂದದ ಸೆಟ್ಟಿಂಗ್ ಸಿಕ್ಕವರಲ್ಲಿ ಸಾವು ಹೆಚ್ಚಾಗಿತ್ತು.

ಕಾನ್ವೆಕ್ಸ್ ಪ್ರೋಬ್‌ನಿಂದ ಪ್ರತಿ ಬದಿ ಆರರಂತೆ 12 ಜಾಗ ನೋಡಿ. ರೋಗಿಯನ್ನು ಸ್ವಲ್ಪ ಹೊರಳಿಸಿ ಬೆನ್ನಿನ ಕಡೆಯೂ ನೋಡಲೇಬೇಕು, ಉತ್ತರ ಇರುವುದೇ ಅಲ್ಲಿ.

ಪ್ರಶ್ನೆ ಕೇಳಿದವರು:
ಪೀಪ್ 10ಕ್ಕೆ ಇಳಿಸಿದೆವು, ಪ್ಲೇಟೋ 24, ಬಿಪಿ ಸುಧಾರಿಸಿದೆ. ಎದೆಯ ಮುಂಭಾಗದಲ್ಲಿ ಎರಡೂ ಕಡೆ ಎ-ಲೈನ್ (ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕಾಣುವ ಅಡ್ಡಗೆರೆಗಳು), ಪ್ಲೂರಾ ಜಾರುತ್ತಿದೆ. ಬೆನ್ನಿನ ಕೆಳಭಾಗ ಯಕೃತ್ತಿನಂತೆ ಗಟ್ಟಿ, ಒಳಗೆ ಉಸಿರಿನೊಂದಿಗೆ ಚಲಿಸುವ ಏರ್ ಬ್ರಾಂಕೋಗ್ರಾಮ್ (ಶ್ವಾಸನಾಳದೊಳಗಿನ ಗಾಳಿಯ ಬಿಳಿ ಗುರುತು). ನೀರು ತೆಳುವಾಗಿದೆ.

ಉತ್ತರ 1:
ಹಾಗಾದರೆ ಇದು ಫೋಕಲ್ ಮಾದರಿ, ಅಂದರೆ ರೋಗ ಕೆಲವು ಭಾಗಗಳಲ್ಲಷ್ಟೇ ಇದೆ. ಬ್ರಾಂಕೋಗ್ರಾಮ್ ಚಲಿಸುತ್ತಿರುವುದರಿಂದ ಶ್ವಾಸನಾಳ ತೆರೆದಿದೆ. ಕಫ ಕಟ್ಟಿಕೊಂಡಿದೆ ಎಂದು ಬ್ರಾಂಕೋಸ್ಕೋಪಿಗೆ ಓಡಬೇಕಿಲ್ಲ. ಪಿ/ಎಫ್ 150ಕ್ಕಿಂತ ಕಡಿಮೆ ಇರುವುದರಿಂದ ಪ್ರೋನ್ ಮಾಡಿ (ಕವುಚಿ ಮಲಗಿಸಿ), ಕನಿಷ್ಠ 16 ಗಂಟೆ. ರಿಕ್ರೂಟ್‌ಮೆಂಟ್ ಮನೂವರ್ (ಸ್ವಲ್ಪ ಹೊತ್ತು ಹೆಚ್ಚು ಒತ್ತಡ ಕೊಟ್ಟು ಮುಚ್ಚಿದ ಜಾಗ ತೆರೆಯುವುದು) ಬೇಡವೇ ಬೇಡ. 2017ರ ಎಆರ್‌ಟಿ (ART) ಎಂಬ ಅಧ್ಯಯನದಲ್ಲಿ ಬಲವಂತವಾಗಿ ತೆರೆಯುವ ವಿಧಾನದಿಂದ ಸಾವು ಹೆಚ್ಚಾಗಿತ್ತು.

ಒಂದು ಎಚ್ಚರಿಕೆ: ಅಲ್ಟ್ರಾಸೌಂಡ್‌ಗೆ ಅತಿ ಉಬ್ಬುವಿಕೆ ಕಾಣಿಸುವುದಿಲ್ಲ. ಸಾಮಾನ್ಯ ಶ್ವಾಸಕೋಶದಲ್ಲೂ ಉಬ್ಬಿದ್ದರಲ್ಲೂ ಅದೇ ಎ-ಲೈನ್. ಅಲ್ಟ್ರಾಸೌಂಡ್ ಸ್ಕೋರ್ (ಶ್ವಾಸಕೋಶದಲ್ಲಿ ಗಾಳಿ ಕಡಿಮೆಯಾದಷ್ಟೂ ಏರುವ ಅಂಕ) ಇಳಿಯಿತೆಂದು ಪೀಪ್ ಏರಿಸುತ್ತಾ ಹೋದರೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಪ್ಲೇಟೋ, ಡ್ರೈವಿಂಗ್ ಪ್ರೆಶರ್ ಪಕ್ಕದಲ್ಲೇ ಬರೆದಿಡಿ.

ಉತ್ತರ 2:
ಇಐಟಿ ವಿಷಯ. ಗಾಳಿ ಓಡಾಡದ ಜಾಗವೆಲ್ಲ ಅದಕ್ಕೆ ಒಂದೇ: ಕುಸಿತವೋ, ನೀರೋ ಎಂದು ಹೇಳಲಾರದು. ನಿಮ್ಮಲ್ಲಿ ಕಪ್ಪು ಎಂದರೆ ಮುಖ್ಯವಾಗಿ ನೀರಲ್ಲ, ಗಾಳಿಯಿಲ್ಲದೆ ಗಟ್ಟಿಯಾದ ಶ್ವಾಸಕೋಶ ಎಂಬುದು ಅಲ್ಟ್ರಾಸೌಂಡ್‌ನಿಂದ ಗೊತ್ತಾಯಿತು. ಬೆಲ್ಟ್ 4–5ನೇ ಪಕ್ಕೆಲುಬುಗಳ ನಡುವೆ ಇರಲಿ. ಕೆಳಗಿಳಿದರೆ ಡಯಾಫ್ರಾಮ್ ಚಿತ್ರದೊಳಗೆ ಬರುತ್ತದೆ. ಪೇಸ್‌ಮೇಕರ್ ಇದ್ದರೆ ಬಳಸಬೇಡಿ.

ಬಿಪಿ ಸ್ಥಿರವಾದ ಮೇಲೆ, ರೋಗಿ ತಾನಾಗಿ ಉಸಿರೆಳೆಯದಿರುವಾಗ, ಪೀಪ್ 14ರಿಂದ ಎರಡೆರಡೇ ಇಳಿಸುತ್ತಾ 6ರವರೆಗೆ ಬನ್ನಿ. ಪ್ರತಿ ಮೆಟ್ಟಿಲಲ್ಲಿ 1–2 ನಿಮಿಷ ನಿಲ್ಲಿ, ಸ್ಯಾಚುರೇಶನ್ ಕುಸಿದರೆ ಅಲ್ಲಿಗೇ ನಿಲ್ಲಿಸಿ. ಇಐಟಿ ತೋರಿಸುವ ಉಬ್ಬುವಿಕೆಯ ಗೆರೆಯೂ ಕುಸಿತದ ಗೆರೆಯೂ ಎಲ್ಲಿ ಒಂದನ್ನೊಂದು ದಾಟುತ್ತವೋ ಅದರ ಹತ್ತಿರದ ಪೀಪ್ ಆರಿಸಿ. ಪ್ರೋನ್ ಮಾಡಿದ ಮೇಲೆ ಇದನ್ನು ಹೊಸದಾಗಿ ಮಾಡಬೇಕು, ಹಳೆಯ ಅಂಕಿ ಒಪ್ಪುವುದಿಲ್ಲ. ಬೆಲ್ಟ್ ಅನ್ನು ತಿರುಗಿಸುವ ಮೊದಲೇ ಕಟ್ಟಿ. ತಿರುಗಿಸಿದ ಬಳಿಕ ಚಿತ್ರದಲ್ಲಿ ಹೊಟ್ಟೆಯ ಕಡೆ ಯಾವುದು, ಬೆನ್ನಿನ ಕಡೆ ಯಾವುದು ಎಂದು ಮತ್ತೊಮ್ಮೆ ಪರೀಕ್ಷಿಸಿ.