ಹಾಮಾನನ ಹೆಸರು ಬಂದರೆ ಗದ್ದಲ ಮಾಡಿ! (ನಮ್ಮ ಕನ್ನಡ ಕ್ಲಾಸಿನ ಬಗ್ಗೆ ಒಂದು ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರೋದು ಶಿಕಾಗೋ ಹತ್ತಿರದ ಒಂದು ಊರಲ್ಲಿ. ಒಂಬತ್ತು ವರ್ಷದ ಮಗನನ್ನ ಭಾನುವಾರದ ಕನ್ನಡ ಕ್ಲಾಸಿಗೆ ಹೊರಡಿಸೋದು ಅಂದ್ರೆ ವಾರವಾರವೂ ಯುದ್ಧ. ಇಂಥವನು ಒಂದು ಅಕ್ಷರವೂ ಅರ್ಥವಾಗದ ಹೀಬ್ರೂ ಗ್ರಂಥ ಓದೋದನ್ನ ಮುಕ್ಕಾಲು ಗಂಟೆ ಅಲ್ಲಾಡದೆ ಕೇಳಿದ ಅಂದ್ರೆ ನಂಬ್ತೀರಾ? ಅಲ್ಲಾಡದೆ ಅನ್ನೋದು ಸುಳ್ಳು. ಕುಣಿದ, ಕಿರುಚಿದ. ಆದ್ರೆ ಕೇಳಿದ.

2025ರ ಮಾರ್ಚ್ 13, ಗುರುವಾರ ಸಂಜೆ. ಅವನ ಗೆಳೆಯನ ಮನೆಯವರು ಯೆಹೂದಿಗಳು, ಪೂರಿಮ್ ಹಬ್ಬಕ್ಕೆ ತಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಕರೆದಿದ್ರು. ವೇಷ ಹಾಕ್ಕೊಂಡು ಬನ್ನಿ, ಕೈಯಲ್ಲಿ ಒಂದು ಪಾಸ್ತಾ ಡಬ್ಬಿ ಇರಲಿ ಅಂದ್ರು. ಪಾಸ್ತಾ ಯಾಕೆ ಅಂತ ಕೇಳೋಕೆ ಸಂಕೋಚ ಆಯ್ತು, ತಗೊಂಡು ಹೋದ್ವಿ. ಬಾಗಿಲಲ್ಲಿ ಬಾಳೆಹಣ್ಣಿನ ವೇಷ ಹಾಕಿದ ಒಬ್ಬ ಹೆಂಗಸು ನಮ್ಮನ್ನ ಬರಮಾಡಿಕೊಂಡ್ರು. ಆ ಬಾಳೆಹಣ್ಣೇ ಅಲ್ಲಿನ ರಬ್ಬಿ, ಅಂದ್ರೆ ಧರ್ಮಗುರು ಅಂತ ಹತ್ತು ನಿಮಿಷ ಆದ ಮೇಲೆ ಗೊತ್ತಾಯ್ತು.

ಕಥೆ ಗೊತ್ತಿಲ್ಲದವರಿಗೆ: ಪರ್ಷಿಯಾದ ರಾಜ ಅಹಷ್ವೇರೋಷನ ಮಂತ್ರಿ ಹಾಮಾನ. ಮೊರ್ದೆಕೈ ಅನ್ನೋ ಯೆಹೂದಿ ತನಗೆ ತಲೆ ಬಗ್ಗಿಸಲಿಲ್ಲ ಅನ್ನೋ ಸಿಟ್ಟಿಗೆ ಇಡೀ ಕುಲವನ್ನೇ ಮುಗಿಸೋಕೆ ಹೊರಡ್ತಾನೆ, ಚೀಟಿ ಹಾಕಿ ದಿನ ಗೊತ್ತು ಮಾಡ್ತಾನೆ. ಆ ಚೀಟಿಯೇ 'ಪೂರ್', ಅದರಿಂದಲೇ ಹಬ್ಬಕ್ಕೆ ಈ ಹೆಸರು. ಮೊರ್ದೆಕೈ ಸಾಕಿದ ಹುಡುಗಿ ಎಸ್ತೇರ್ ಅಷ್ಟು ಹೊತ್ತಿಗೆ ರಾಣಿಯಾಗಿರ್ತಾಳೆ, ತಾನು ಯಾರ ಪೈಕಿ ಅನ್ನೋದನ್ನ ಮುಚ್ಚಿಟ್ಟುಕೊಂಡು. ಕೊನೆಗೆ ಔತಣದಲ್ಲಿ ಬಾಯಿ ಬಿಡ್ತಾಳೆ. ಮೊರ್ದೆಕೈಗೆ ಅಂತ ನಿಲ್ಲಿಸಿದ್ದ ಗಲ್ಲಿಗೆ ಹಾಮಾನನೇ ಏರ್ತಾನೆ. ಇಷ್ಟೆಲ್ಲ ನಡೆದರೂ ಈ ಕಥೆ ಇರೋ ಎಸ್ತೇರ್ ಪುಸ್ತಕದಲ್ಲಿ ದೇವರ ಹೆಸರು ಒಂದು ಸಲವೂ ಬರಲ್ಲ.

ಇದನ್ನ ಸುರುಳಿಯಿಂದ ಹೀಬ್ರೂನಲ್ಲಿ, ರಾಗವಾಗಿ ಓದ್ತಾರೆ. ಹಾಮಾನನ ಹೆಸರು ಅದರಲ್ಲಿ 54 ಸಲ ಬರುತ್ತೆ. ಬಂದಾಗೆಲ್ಲ ಆ ಹೆಸರೇ ಕೇಳಿಸದ ಹಾಗೆ ಎಲ್ಲರೂ ಗದ್ದಲ ಎಬ್ಬಿಸಬೇಕು. ಕೆಲವರ ಕೈಯಲ್ಲಿ ಕಟಕಟ ಅನ್ನೋ ಗಿರಗಿಟ್ಲೆ, ಕೆಲವರು ಚಪ್ಪಲಿ ಅಡಿಗೆ ಸೀಮೆಸುಣ್ಣದಲ್ಲಿ ಅವನ ಹೆಸರು ಬರ್ಕೊಂಡು ಅಳಿಸೋವರೆಗೂ ನೆಲಕ್ಕೆ ಒದೀತಾರೆ. ಪಾಸ್ತಾ ಡಬ್ಬಿ ಅಲ್ಲಾಡಿಸೋಕೆ! ಹಬ್ಬ ಮುಗಿದ ಮೇಲೆ ಡಬ್ಬಿಗಳೆಲ್ಲ ಬಡವರಿಗೆ ದಿನಸಿ ಕೊಡೋ ಕೇಂದ್ರಕ್ಕೆ. ಪೂರಿಮ್ ದಿನ ಬಡವರಿಗೆ ದಾನ ಮಾಡಲೇಬೇಕು ಅನ್ನೋ ವಿಧಿ ಇದೆ, ಗದ್ದಲದ ಡಬ್ಬಿಯಿಂದ ಅದೂ ನಡೆದುಹೋಯ್ತು.

ನಾನು ಬಾಗಲಕೋಟೆಯವಳು. ಓಣಿ ತುಂಬ ಹಲಗಿ ಸಪ್ಪಳ ಕೇಳಿ, ಕಾಮಣ್ಣನಿಗೆ ಕಟ್ಟಿಗೆ ಕದ್ದು, ಬಾಯಿ ಬಡ್ಕೊಂಡು ಬೆಳೆದವಳಿಗೆ ಗದ್ದಲ ಹೊಸದಲ್ಲ. ಅವತ್ತು ಊರಲ್ಲೂ ಕಾಮದಹನವೇ. ಪೂರಿಮ್ ಬರೋ ಅವರ ಅದಾರ್ ತಿಂಗಳ ಹುಣ್ಣಿಮೆಯೂ ನಮ್ಮ ಫಾಲ್ಗುಣದ ಹುಣ್ಣಿಮೆಯೂ ಬಹಳಷ್ಟು ವರ್ಷ ಒಂದೇ. ನಮ್ಮ ಅಧಿಕ ಮಾಸದ ಹಾಗೆ ಅವರಿಗೂ 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚು. (ಆ ರಾತ್ರಿ ಇಲ್ಲಿ ಚಂದ್ರಗ್ರಹಣ ಬೇರೆ. ನಮ್ಮತ್ತೆ ಫೋನ್ ಮಾಡಿ ಹೊರಗೆ ಏನೂ ತಿನ್ನಬೇಡಿ ಅಂದಾಗ ನನ್ನ ಬಾಯಲ್ಲಿ ಗಸಗಸೆ ಹೂರಣದ ಮೂರು ಮೂಲೆ ಬಿಸ್ಕತ್ತು ಇತ್ತು.)

ನನ್ನನ್ನ ಹಿಡಿದು ನಿಲ್ಲಿಸಿದ್ದು ಗದ್ದಲ ಅಲ್ಲ, ಅದರ ಕಟ್ಟುಪಾಡು. ಮೆಗಿಲ್ಲಾ ಅನ್ನೋ ಆ ಸುರುಳಿಯ ಒಂದೊಂದು ಪದವೂ ಕಿವಿಗೆ ಬೀಳಬೇಕು, ಇಲ್ಲಾಂದ್ರೆ ವಿಧಿ ಪೂರ್ತಿ ಆಗಲ್ಲ. ಹಾಗಾಗಿ ಬಾಳೆಹಣ್ಣು ರಬ್ಬಿ ಕೆಂಪು ರಟ್ಟು ಎತ್ತಿದ ತಕ್ಷಣ ಗಪ್‌ಚುಪ್. ಯಾವ ಕ್ಷಣಕ್ಕೆ ಹಾಮಾನ ಬರ್ತಾನೋ ಗೊತ್ತಿಲ್ಲ, ತಪ್ಪಿದರೆ ಪಕ್ಕದವನು ಗೆಲ್ತಾನೆ. ಹಾಗಾಗಿ ಮಕ್ಕಳೆಲ್ಲ ಬೇಟೆ ನಾಯಿ ಥರ ಕಿವಿ ನಿಮಿರಿಸಿ ಕೂತಿದ್ರು. ಹಾಮಾನನ ಹತ್ತು ಮಕ್ಕಳ ಹೆಸರನ್ನ ಒಂದೇ ಉಸಿರಲ್ಲಿ ಓದಬೇಕಂತೆ, ಅದಕ್ಕೆ ಮಕ್ಕಳೂ ಉಸಿರು ಹಿಡಿದ್ರು. ಮೊದಲ ವಾಕ್ಯದಲ್ಲೇ ರಾಜ್ಯದ ಎಲ್ಲೆ ಹೇಳುವಾಗ 'ಹೋದು'ವಿನಿಂದ ಆಫ್ರಿಕಾದ ಕೂಷ್‌ವರೆಗೆ 127 ಪ್ರಾಂತ್ಯ ಅಂತ ಬರುತ್ತೆ. ಹೋದು ಅಂದ್ರೆ ಇಂಡಿಯಾ ಅಂತ ಗೆಳೆಯ ಪಿಸುಗುಟ್ಟಿದ್ದೇ ತಡ, ನಮ್ಮವನು ಹಾಮಾನನಿಲ್ಲದೆಯೇ ಡಬ್ಬಿ ಅಲ್ಲಾಡಿಸಿಬಿಟ್ಟ.

ಆಮೇಲೆ ಮಕ್ಕಳ ನಾಟಕ, ಪೂರಿಮ್ ಶ್ಪೀಲ್. ಅದರಲ್ಲಿ ರಬ್ಬಿಯ ಉದ್ದುದ್ದ ಪ್ರವಚನ, ಆಡಳಿತ ಮಂಡಳಿಯ ಮುಗಿಯದ ಮೀಟಿಂಗು, ಎಲ್ಲಕ್ಕೂ ಲೇವಡಿ. ರಬ್ಬಿ ಎಲ್ಲರಿಗಿಂತ ಜೋರಾಗಿ ನಗ್ತಿದ್ರು. ಯೆಶಿವಾ ಅನ್ನೋ ಅವರ ಪಾಠಶಾಲೆಗಳಲ್ಲಿ ವಿದ್ಯಾರ್ಥಿಯೊಬ್ಬನನ್ನ ಒಂದು ದಿನದ ಮಟ್ಟಿಗೆ 'ಪೂರಿಮ್ ರಬ್ಬಿ' ಮಾಡಿ ಗುರುಗಳನ್ನೇ ಅಣಕಿಸೋ ರೂಢಿ ಇದೆ. ತಾಲ್ಮುದ್ ಅಂದ್ರೆ ಅವರ ಧರ್ಮಶಾಸ್ತ್ರದ ದೊಡ್ಡ ಗ್ರಂಥ, ಅದರ ಶೈಲಿಯಲ್ಲೇ ತಾಲ್ಮುದ್‌ನ ಅಣಕವನ್ನ ಕಲೋನಿಮೋಸ್ ಅನ್ನೋ ಪಂಡಿತ 14ನೇ ಶತಮಾನದಲ್ಲೇ ಬರೆದಿದ್ದ. ಅಣಕ ಮಾಡಬೇಕಾದ್ರೆ ಮೂಲ ಕರತಲಾಮಲಕ ಆಗಿರಬೇಕಲ್ಲ, ಓದದವನಿಗೆ ಅದು ಸಾಧ್ಯವೇ ಇಲ್ಲ.

ನಮ್ಮ ರಾಜ್ಯೋತ್ಸವದಲ್ಲಿ? ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟ ನಾಲ್ಕು ಸಾಲು ಗಿಣಿಪಾಠ. ಮಧ್ಯೆ ನಕ್ಕರೆ ಹಿಂದಿನಿಂದ 'ಶ್ಶ್'. ಮಕ್ಕಳು ನಗೋ ಹಾಗೆ ನೀವ್ಯಾರಾದ್ರೂ ಕನ್ನಡ ಕಲಿಸಿದ್ದೀರಾ? ಹೇಗೆ?

ಸಿಡ್ನಿಯಿಂದ: ಮೇಡಂ, ಚೆನ್ನಾಗಿ ಬರೆದಿದ್ದೀರಿ, ಆದ್ರೆ ಬರೀ ಸಿಹಿ ತೋರಿಸಿದ್ರಿ. ಅದೇ ಪುಸ್ತಕದ ಕೊನೇಲಿ ಯೆಹೂದಿಗಳು 75,000 ಶತ್ರುಗಳನ್ನ ಕೊಂದ್ರು ಅಂತಲೂ ಇದೆ. ಅದನ್ನ ಮಕ್ಕಳಿಗೆ ಹೇಗೆ ಹೇಳ್ತಾರೆ? ಕುಡಿಯೋದೂ ಉಂಟಲ್ಲ.

ಹೈಫಾದಿಂದ: ಸರ್, ಕುಡಿಯೋ ವಿಷಯಕ್ಕೆ ತಾಲ್ಮುದ್‌ನಲ್ಲೇ ಉತ್ತರ ಇದೆ. ಹಾಮಾನನಿಗೆ ಶಾಪ, ಮೊರ್ದೆಕೈಗೆ ಜೈಕಾರ, ಇವೆರಡರ ವ್ಯತ್ಯಾಸ ತಿಳಿಯದಷ್ಟು ಕುಡೀಬೇಕು ಅಂತ ಒಬ್ಬ ಗುರು ಹೇಳ್ತಾನೆ. ಅದರ ಬೆನ್ನಿಗೇ ಒಂದು ಕಥೆ: ರಬ್ಬಾ ಮತ್ತು ರಬ್ಬಿ ಝೇರಾ ಅನ್ನೋ ಇಬ್ಬರು ಗುರುಗಳು ಒಟ್ಟಿಗೆ ಪೂರಿಮ್ ಊಟ ಮಾಡ್ತಾರೆ, ಅಮಲಿನಲ್ಲಿ ರಬ್ಬಾ ಝೇರಾನ ಕತ್ತು ಕೊಯ್ದುಬಿಡ್ತಾನೆ. ಮಾರನೇ ದಿನ ಪ್ರಾರ್ಥನೆ ಮಾಡಿ ಬದುಕಿಸ್ತಾನೆ. ಮುಂದಿನ ವರ್ಷ "ಈ ಸಲವೂ ಬಾರಪ್ಪ ಊಟಕ್ಕೆ" ಅಂದ್ರೆ ಝೇರಾ ಏನಂದ ಗೊತ್ತಾ? "ಪ್ರತಿ ಸಲ ಪವಾಡ ನಡೆಯಲ್ಲ." 75,000ದ ಬಗ್ಗೆ ಅವರಲ್ಲೇ ಮುಜುಗರ ಪಡೋರು ಇದ್ದಾರೆ, ಚಿಕ್ಕ ಮಕ್ಕಳಿಗೆ ಆ ಭಾಗ ಮೆಲ್ಲಗೆ ದಾಟಿಸ್ತಾರೆ. ನಾವು ಮಹಾಭಾರತ ಹೇಳುವಾಗ ಎಲ್ಲ ಹೇಳ್ತೀವಾ?

ಅಂದಹಾಗೆ ಹೀಬ್ರೂನಲ್ಲಿ ಟರ್ಕಿ ಕೋಳಿಗೂ 'ಹೋದು' ಅಂತಾರೆ. ನನ್ನ ಮಗಳನ್ನ ಕ್ಲಾಸಿನಲ್ಲಿ ಇದೇ ಹೇಳಿ ರೇಗಿಸ್ತಿದ್ರು. ಅವಳು ಪೂರಿಮ್‌ಗೆ ಕೋಳಿ ವೇಷವನ್ನೇ ಹಾಕ್ಕೊಂಡು ಹೋದ್ಲು, ರೇಗಿಸೋದು ನಿಂತೋಯ್ತು.

ಲಂಡನ್‌ನಿಂದ: ಎರಡು ಬಗೆ ತಿಂಡಿ ತಟ್ಟೆಯಲ್ಲಿಟ್ಟು ನಮ್ಮ ಬೀದಿಯ ಯೆಹೂದಿ ಮನೆಯವರು ಪ್ರತಿ ಪೂರಿಮ್‌ಗೂ ಕೊಡ್ತಾರೆ. ಸಂಕ್ರಾಂತಿಗೆ ನಾನು ಎಳ್ಳು ಬೀರ್ತೀನಿ. ಅವರ ತಟ್ಟೆ ನಮ್ಮನೇಲಿ, ನಮ್ಮ ತಟ್ಟೆ ಅವರ ಮನೇಲಿ, ಯಾವುದು ಯಾರದ್ದು ಈಗ ಗೊತ್ತಿಲ್ಲ! ಆದ್ರೆ ಗುರುಗಳನ್ನ ಲೇವಡಿ ಮಾಡೋದು ನಮ್ಮಲ್ಲಿ ನಡೆಯುತ್ತಾ?

ಶಿಕಾಗೋ (ಮತ್ತೆ ನಾನೇ): ನಡೆಯುತ್ತೆ ಅಕ್ಕ. ಯಕ್ಷಗಾನದ ಹಾಸ್ಯಗಾರ ರಾಜನನ್ನ ಬಿಡ್ತಾನಾ, ಭಾಗವತರನ್ನ ಬಿಡ್ತಾನಾ? ಊರಲ್ಲಿ ಇರೋದನ್ನ ಇಲ್ಲಿಗೆ ಬರುವಾಗ ಸೂಟ್‌ಕೇಸಿಗೆ ಹಾಕಲಿಲ್ಲ, ಅಷ್ಟೇ.

ಒಂದು ಯೋಚನೆ ಇದೆ. ಇಲ್ಲಿನ ಶಿಕಾಗೋ ವಿಶ್ವವಿದ್ಯಾಲಯದಲ್ಲಿ 1946ರಿಂದ ಒಂದು ತಮಾಷೆ ಚರ್ಚೆ ನಡೀತಾ ಬಂದಿದೆ: ಹನುಕಾ ಅನ್ನೋ ಇನ್ನೊಂದು ಹಬ್ಬದ ಆಲೂಗಡ್ಡೆ ದೋಸೆ ಲಾಟ್ಕೆ ಹೆಚ್ಚೋ, ಪೂರಿಮ್‌ನ ಆ ಮೂರು ಮೂಲೆ ಬಿಸ್ಕತ್ತು ಹಾಮಾನ್‌ತಾಶ್ ಹೆಚ್ಚೋ ಅಂತ. ದೊಡ್ಡ ದೊಡ್ಡ ಪ್ರೊಫೆಸರುಗಳು ಗಂಭೀರ ಮುಖ ಮಾಡ್ಕೊಂಡು ತಮ್ಮ ಶಾಸ್ತ್ರದ ಪ್ರಕಾರ ವಾದ ಮಾಡ್ತಾರೆ. ನಾವು ಮುದ್ದೆ ಹೆಚ್ಚೋ ರೊಟ್ಟಿ ಹೆಚ್ಚೋ ಇಟ್ಟುಕೊಂಡರೆ? ನಿಯಮ ಒಂದೇ, ವಾದ ಕನ್ನಡದಲ್ಲೇ ಆಗಬೇಕು. ಇಂಗ್ಲಿಷ್ ಪದ ಬಂದರೆ ಎಲ್ಲರೂ ಡಬ್ಬಿ ಅಲ್ಲಾಡಿಸೋದು.

ಮಗ ಈಗಾಗಲೇ ರೊಟ್ಟಿ ಪಕ್ಷ. ನಿನ್ನೆ ರಾತ್ರಿ ಅಜ್ಜಿಗೆ ಫೋನ್ ಹಚ್ಚಿ ವಾದ ರೆಡಿ ಮಾಡ್ಕೊಂಡಾನ: "ಮುದ್ದಿ ಅಗಿಯಂಗಿಲ್ಲ, ನುಂಗೂದು ಅಂತಾರ. ಹಂಗಾದ್ರ ದೇವರು ನಮಗ ಹಲ್ಲು ಯಾಕ ಕೊಟ್ಟಾನ?"