ನಲವತ್ತು ಸರ್ವರ್‌ಗಳ ಗಡಿಯಾರದ ಮೇಲೆ ನಿಗಾ: ನಿಮ್ಮ ಅನುಭವ ಹೇಳಿ

ಕೇಳಿದವರು: ನಲವತ್ತು ಲಿನಕ್ಸ್ ಸರ್ವರ್‌ಗಳಿವೆ, ಎಲ್ಲದರಲ್ಲೂ ಕ್ರೋನಿ (ನೆಟ್‌ವರ್ಕ್‌ನಿಂದ ಸಮಯ ಕೇಳಿ ಗಡಿಯಾರ ಸರಿಪಡಿಸುವ ಪ್ರೋಗ್ರಾಂ) ಇದೆ. ಸಮಯ ಎಷ್ಟು ತಪ್ಪಿದರೆ ಅಲರ್ಟ್ ಬರಬೇಕು? ನೀವು ಹೇಗೆ ಮಾಡಿದ್ದೀರಿ?

ರಾತ್ರಿಪಾಳಿ: ಸರ್ವೀಸ್ ಓಡುತ್ತಿದೆಯಾ ಅಂತ ಮಾತ್ರ ನೋಡಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ. ಹೊಸದಾಗಿ ಹಾಕಿದ ಒಂದು ಸರ್ವರ್‌ಗೆ ಫೈರ್‌ವಾಲ್‌ನಲ್ಲಿ ಯುಡಿಪಿ 123 (ಸಮಯದ ಸಂದೇಶ ಹೋಗಿಬರುವ ಪೋರ್ಟ್) ತೆರೆದಿರಲಿಲ್ಲ. ಕ್ರೋನಿ ಓಡುತ್ತಲೇ ಇತ್ತು, ಪರದೆಯ ಮೇಲೆ ಹಸಿರು ದೀಪ. ಗಡಿಯಾರ ಮಾತ್ರ ದಿನಕ್ಕೆ ಮೂರೂವರೆ ಸೆಕೆಂಡ್ ಹಿಂದೆ ಬೀಳುತ್ತಿತ್ತು. ಮೂರು ತಿಂಗಳಲ್ಲಿ ಐದು ನಿಮಿಷ ದಾಟಿತು, ಅಷ್ಟು ವ್ಯತ್ಯಾಸ ಒಪ್ಪದ ಕರ್ಬರೋಸ್ ಲಾಗಿನ್ ನಿಂತಿತು. ಪಾಸ್‌ವರ್ಡ್ ಬದಲಿಸಿದೆವು, ಡಿಎನ್ಎಸ್ ಜಾಲಾಡಿದೆವು, ಕೀಟ್ಯಾಬ್ (ಲಾಗಿನ್ ಕೀಲಿಗಳ ಫೈಲ್) ಮತ್ತೆ ಮಾಡಿದೆವು. ರಾತ್ರಿ ಒಂಬತ್ತಕ್ಕೆ ಕೂತವರು ಎದ್ದಿದ್ದು ಮೂರಕ್ಕೆ. ಕೊನೆಗೆ ಕ್ರೋನಿಯ ಸೋರ್ಸಸ್ (ಅದು ಸಮಯ ಕೇಳುವ ಸರ್ವರ್‌ಗಳ) ಪಟ್ಟಿ ತೆಗೆದರೆ ರೀಚ್ ಕಾಲಂನಲ್ಲಿ ಎಲ್ಲಾ ಸಾಲಿಗೂ 0. ಅಲ್ಲಿ 377 ಇರಬೇಕಿತ್ತು, ಅಂದರೆ ಕಳೆದ ಎಂಟು ಸಲವೂ ಉತ್ತರ ಬಂದಿದೆ ಅಂತ. ಮೊದಲು ರೀಚ್ ನೋಡಿ, ಆಮೇಲೆ ಮಿಲಿಸೆಕೆಂಡ್.

ತಾರಸಿ ಆಂಟೆನಾ: ರೀಚ್ ಸರಿಯಿದ್ದರೂ ಸರ್ವರ್ ಹೇಳುವ ಆಫ್‌ಸೆಟ್ (ಗಡಿಯಾರ ಎಷ್ಟು ತಪ್ಪಿದೆ ಅನ್ನುವುದು) ಅದರ ಸ್ವಂತ ಲೆಕ್ಕ. ಹೊರಗಿನಿಂದ ಅಳೆಯಬೇಕು. ನಾನು ಮಾನಿಟರಿಂಗ್‌ಗೆ ಒಂದು ವಿಎಂ (ವರ್ಚುವಲ್ ಯಂತ್ರ) ಇಟ್ಟಿದ್ದೆ. ಒಂದು ರಾತ್ರಿ ಅರವತ್ತು ಸರ್ವರ್‌ಗಳೂ ಹನ್ನೊಂದು ಸೆಕೆಂಡ್ ಮುಂದಿವೆ ಅಂತ ಅಲರ್ಟ್. ಒಂದೊಂದಾಗಿ ಎಲ್ಲದರಲ್ಲೂ ಕ್ರೋನಿ ರೀಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ. ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತೆಗೆಯುವಾಗ ನಿಂತು ಹಿಂದೆ ಬಿದ್ದಿದ್ದು ಆ ವಿಎಂ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಈಗ ಬೇರೆ ಯಂತ್ರ, ಅದಕ್ಕೆ ಉಪಗ್ರಹದಿಂದ ಸಮಯ ಪಡೆಯುವ ಜಿಪಿಎಸ್ ರಿಸೀವರ್. ತಾರಸಿಯಿಂದ ಕೇಬಲ್ ಇಳಿಸುವುದಕ್ಕೇ ನಾಲ್ಕು ಭಾನುವಾರ ಹೋಯಿತು. ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲ. ಬರೀ ರೀಚ್ ನೋಡುವುದು ಮಕ್ಕಳಾಟ.

ರಾತ್ರಿಪಾಳಿ: ಬರೀ ರೀಚ್ ಸಾಕು ಅಂತ ನಾನೆಲ್ಲಿ ಹೇಳಿದೆ? ಪೂರ್ತಿ ಓದಿ ಸ್ವಾಮಿ. 2019ರ ಏಪ್ರಿಲ್ 6ರಂದು ಜಿಪಿಎಸ್‌ನ ವಾರದ ಎಣಿಕೆ 1024 ಮುಗಿಸಿ ಮತ್ತೆ ಸೊನ್ನೆಗೆ ಬಂತು. ಅಪ್‌ಡೇಟ್ ಆಗದ ಹಳೇ ರಿಸೀವರ್‌ಗಳು ಹತ್ತೊಂಬತ್ತು ವರ್ಷಕ್ಕೂ ಹಿಂದಿನ ದಿನಾಂಕ ಕೊಡಬಲ್ಲವು. ಒಂದೇ ಆಂಟೆನಾ ನಂಬಿ ಕೂತವರ ಮಾತು ನಾನು ಕೇಳುವುದಿಲ್ಲ.

ತಾರಸಿ ಆಂಟೆನಾ: ಒಂದೇ ಅಂತ ಯಾರು ಹೇಳಿದರು? ಜೊತೆಗೆ ಮೂರು ಹೊರಗಿನ ಸರ್ವರ್ ಇವೆ.

ಲೀಪ್ ಪೀಡಿತ: ಇಬ್ಬರೂ ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಗಡಿಯಾರಕ್ಕೆ ಸೇರಿಸುವ ಒಂದು ಸೆಕೆಂಡ್) ಮರೆತಿರಿ. 2012ರ ಜೂನ್ 30ರಂದು ನಮ್ಮ ಜಾವಾ ಸರ್ವರ್‌ಗಳ ಸಿಪಿಯು ನೂರಕ್ಕೆ ಏರಿ ಇಳಿಯಲೇ ಇಲ್ಲ. ಡೇಟ್ ಕಮಾಂಡ್ ಕೊಟ್ಟು ಸಮಯವನ್ನು ಮತ್ತೆ ಕೂರಿಸಿದ ಮೇಲೇ ತಣ್ಣಗಾಯಿತು. ಮತ್ತೆ 2016ರ ಡಿಸೆಂಬರ್ 31. ನಮಗಿದ್ದಿದ್ದು ಎರಡೇ ಸೋರ್ಸ್. ಒಂದು ಆ ಸೆಕೆಂಡನ್ನು ದಿನವಿಡೀ ಸ್ವಲ್ಪಸ್ವಲ್ಪವೇ ಹರಡಿತು, ಇನ್ನೊಂದು ಹರಡಲಿಲ್ಲ. ನಡುವೆ ಅರ್ಧ ಸೆಕೆಂಡ್ ಅಂತರ. ಯಾವುದನ್ನು ನಂಬುವುದು? ಅದಕ್ಕೇ ನಾಲ್ಕು ಸೋರ್ಸ್ ಇಡಿ, ನಾಲ್ಕೂ ಒಂದೇ ಬಗೆಯವಾಗಿರಲಿ.

ರಾತ್ರಿಪಾಳಿ: 2016ರ ನಂತರ ಒಂದೂ ಲೀಪ್ ಸೆಕೆಂಡ್ ಬಂದಿಲ್ಲ. ಅದನ್ನೇ ಎಷ್ಟು ದಿನ ಎಳೆಯುತ್ತೀರಿ?

ಲೀಪ್ ಪೀಡಿತ: ನಿಮ್ಮ ಫೈರ್‌ವಾಲ್ ಕಥೆ ನಿನ್ನೆ ಮೊನ್ನೆಯದಾ? ನಾನು ಎರಡು ಹೊಸ ವರ್ಷ ಸರ್ವರ್ ರೂಮಿನಲ್ಲೇ ಕಳೆದಿದ್ದೇನೆ.

ಕೇಳಿದವರು: ಎಷ್ಟು ಮಿಲಿಸೆಕೆಂಡ್ ಅಂತ ಯಾರೂ ಹೇಳಲಿಲ್ಲ ಅಲ್ವಾ?

ತಾರಸಿ ಆಂಟೆನಾ: ಲಾಗ್ ಹೊಂದಿಸುವುದಕ್ಕೆ ಮಾತ್ರ ಆದರೆ 100ಕ್ಕೆ ಎಚ್ಚರಿಕೆ ಇಡಿ. ನಾನು ಇಟ್ಟಿರುವುದು 5.

ರಾತ್ರಿಪಾಳಿ: 5 ಇಟ್ಟರೆ ಲಿಂಕ್ ತುಂಬಿದಾಗಲೆಲ್ಲ ಸುಮ್ನೆ ಅಲರ್ಟ್ ಬರುತ್ತದೆ. ಹೋಗೋ ದಾರಿ, ಬರೋ ದಾರಿಯ ವಿಳಂಬ ಒಂದೇ ಇರುವುದಿಲ್ಲ.

ತಾರಸಿ ಆಂಟೆನಾ: ನಿಮ್ಮ ಲಿಂಕ್‌ನಲ್ಲಿ ಬರುತ್ತದೆ. ನನ್ನದರಲ್ಲಿ ಬಂದಿಲ್ಲ.