ಓದುಗರ ಸ್ಪಂದನ: ಮನೆಮಾತು ಬಿಟ್ಟರೆ ಮಗ ಕಲಿಯುತ್ತಾನೆಯೇ?

ಕಳೆದ ಸಂಚಿಕೆಯ ಸಮಸ್ಯೆ: ನಾವು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯವರು, ಜೇನುಕುರುಬರು. ಮಗ ಎರಡನೇ ತರಗತಿ. ಮನೆಯಲ್ಲಿ ಬಾಯಿ ಮುಚ್ಚದವನು ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ‘ಮನೆಯಲ್ಲೂ ಕನ್ನಡವನ್ನೇ ಆಡಿ, ನಿಮ್ಮ ಮಾತು ನಿಲ್ಲಿಸಿ’ ಅಂದಿದ್ದಾರೆ ಮೇಷ್ಟ್ರು. ನನಗೆ ಬರುವುದು ಅರೆಬರೆ ಕನ್ನಡ, ಅತ್ತೆಗೆ ಅದೂ ಇಲ್ಲ. ಮಕ್ಕಳು ಅಲ್ಲೇ ಉಳಿದು ಓದುವ ದೂರದ ಆಶ್ರಮ ಶಾಲೆಗೆ ಸೇರಿಸೋಣ ಅನ್ನುತ್ತಾರೆ ಗಂಡ. ನಾನು ಏನು ಮಾಡಲಿ?

*

ತಂಗೀ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಮೇಷ್ಟ್ರು ಹೇಳಿದ್ದನ್ನೇ ನಾನೂ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಆದರೆ ಹೇಳಿದ್ದು ತಪ್ಪು.

ನಲಿ-ಕಲಿ ಅನ್ನುವ ಪಾಠದ ಪದ್ಧತಿ 1995ರಲ್ಲಿ ಶುರುವಾಗಿದ್ದು ನಿಮ್ಮ ತಾಲ್ಲೂಕಿನಲ್ಲೇ. ಒಂದೊಂದು ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತಬೇಕು ಅನ್ನುವುದು ಅದರ ಜೀವ. ಆ ಪದ್ಧತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದ. ಏನು ಕೇಳಿದರೂ ನೆಲ ನೋಡುತ್ತಿದ್ದ. ಅವನ ಹೆಸರಿನ ಮುಂದೆ ‘ನಿಧಾನ’ ಅಂತ ಬರೆದಿಟ್ಟಿದ್ದೆ. ಒಂದು ದಿನ ಹಲಗೆಯ ಮೇಲೆ ಮರದ ಪೊಟರೆಯನ್ನೂ ಅದರೊಳಗೆ ದೊಡ್ಡದೊಂದು ಜೇನುಹುಟ್ಟನ್ನೂ ಬಿಡಿಸಿ ‘ಇದೇನು?’ ಅಂದೆ. ಎಲ್ಲರೂ ‘ಜೇನು’ ಅಂತ ಕೂಗಿದರು, ಇವನೊಬ್ಬ ಸುಮ್ಮನಿದ್ದ. ಜೇನುಕುರುಬರ ಹುಡುಗನಿಗೆ ಜೇನೂ ಗೊತ್ತಿಲ್ಲವೇ ಅಂತ ರೇಗಿದೆ. ಅದೇ ಹಾಡಿಯ ಮೂರನೇ ತರಗತಿಯ ಹುಡುಗಿಯ ಕಿವಿಯಲ್ಲಿ ಅವನು ಏನೋ ಅಂದ. ಅವಳು ಎದ್ದು ಹೇಳಿದಳು: ‘ಟೀಚರ್, ಕೊಂಬೆಯಲ್ಲಿ ನೇತಾಡೋದು ಹೆಜ್ಜೇನು, ಪೊಟರೆಯಲ್ಲಿರೋದು ತುಡುವೆ. ನೀವು ಹೆಜ್ಜೇನಿನ ಹುಟ್ಟನ್ನ ಪೊಟರೆ ಒಳಗೆ ಬರ್ದಿದೀರಿ, ಯಾವುದು ಅಂತ ಹೇಳಲಿ ಅಂತ ಕೇಳ್ತಾವ್ನೆ.’

ಹಲಗೆ ಒರೆಸುವಾಗ ನನ್ನ ಕೈ ನಡುಗುತ್ತಿತ್ತು. ಆ ಮಗು ಅಷ್ಟು ದಿನ ಸುಮ್ಮನಿದ್ದದ್ದು ಗೊತ್ತಿಲ್ಲದೆ ಅಲ್ಲ.

ಮಾರನೇ ದಿನದಿಂದ ಆ ಹುಡುಗಿಯನ್ನು ಅವನ ಪಕ್ಕ ಕೂರಿಸಿದೆ. ಹಲಗೆಯನ್ನು ಎರಡು ಭಾಗ ಮಾಡಿ ಒಂದು ಬದಿಗೆ ಅವನ ಮಾತು, ಇನ್ನೊಂದು ಬದಿಗೆ ಶಾಲೆಯ ಮಾತು, ಎರಡನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತ ಹೋದೆ. ಅಕ್ಷರ ಕೂಡಿಸಿ ಓದುವುದು ಒಂದು ಕೆಲಸ, ಹೊಸ ಭಾಷೆ ಕಲಿಯುವುದು ಬೇರೆ ಕೆಲಸ. ಆರು ವರ್ಷದ ಮಗುವಿನ ತಲೆಗೆ ಎರಡನ್ನೂ ಒಟ್ಟಿಗೆ ಹೊರಿಸಿ, ನಡೆಯಲಿಲ್ಲ ಅಂತ ಬೈದಿದ್ದೆ. ಮನೆಯ ಮಾತನ್ನು ಓದಲು ಬಂದ ಮೇಲೆ ಅಕ್ಷರದ ಹೆದರಿಕೆ ಹೋಯಿತು. ಮೂರನೇ ತರಗತಿ ಮುಗಿಯುವ ಹೊತ್ತಿಗೆ ಕನ್ನಡದ ಕತೆಗಳನ್ನು ತಾನೇ ಓದಿಕೊಳ್ಳುತ್ತಿದ್ದ.

ಹಾಗಾಗಿ, ಅರೆಬರೆ ಕನ್ನಡದಲ್ಲಿ ಮಗನ ಜೊತೆ ಮಾತಾಡಬೇಡಿ ತಂಗೀ. ಮುದ್ದು, ಬೈಗುಳ, ಕತೆ, ಲೆಕ್ಕ ಎಲ್ಲವೂ ನಿಮ್ಮ ಮಾತಿನಲ್ಲಿ ಧಾರಾಳವಾಗಿ ಬರಲಿ. ನಿಮ್ಮ ಅತ್ತೆ ಹೇಳುವುದನ್ನೆಲ್ಲ ಹೇಳಲಿ. ಕನ್ನಡ ಕಲಿಸುವುದು ಶಾಲೆಯ ಕೆಲಸ, ನಾವು ಸಂಬಳ ತೆಗೆದುಕೊಳ್ಳುವುದು ಅದಕ್ಕೇ. ಆ ಮೇಷ್ಟ್ರಿಗೆ ನನ್ನ ಈ ಪತ್ರವನ್ನು ತೋರಿಸಿ.
– ನಿವೃತ್ತ ಶಿಕ್ಷಕಿ, ಹುಣಸೂರು

*

ಅಕ್ಕಾ, ನಮ್ಮ ಮಾತು ಉಳಿಸಿ ಅಂತ ಹೇಳುವವರೆಲ್ಲ ಒಂದು ಮರೆಯುತ್ತಾರೆ. ನಮ್ಮಪ್ಪ ಕೊಡಗಿನ ಕಾಫಿ ತೋಟದಲ್ಲಿ ಮುಂಗಡ ತಗೊಂಡು, ಏನು ಬರೆದಿದೆ ಅಂತ ಗೊತ್ತಿಲ್ಲದ ಚೀಟಿಗೆ ಹೆಬ್ಬೆಟ್ಟು ಒತ್ತಿ ಬಂದವರು. ಆಸ್ಪತ್ರೆಯಲ್ಲಿ ನೋವು ಎಲ್ಲಿ ಅಂತ ಹೇಳಲು ಬಾರದೆ ಅವ್ವ ಸುಮ್ಮನೆ ಅಳುತ್ತಿದ್ದಳು. ನಿಮ್ಮ ಮಗನಿಗೆ ಕನ್ನಡ ಬೇಕೇ ಬೇಕು, ಚೆನ್ನಾಗಿಯೇ ಬೇಕು. ಆದರೆ ಅದಕ್ಕಾಗಿ ಮನೆಮಾತು ಬಿಡಬೇಕಾಗಿಲ್ಲ. ನನ್ನ ಅಂಗನವಾಡಿಗೆ ಬೆಟ್ಟಕುರುಬರು, ಯರವರು, ಒಕ್ಕಲಿಗರು ಎಲ್ಲರ ಮಕ್ಕಳೂ ಬರುತ್ತಾರೆ. ಆಟವಾಡುತ್ತಲೇ ಒಬ್ಬರ ಮಾತು ಒಬ್ಬರು ಕಲಿತುಬಿಡುತ್ತಾರೆ. ನಗುವವರು ಇಲ್ಲದಿದ್ದರೆ ಮಕ್ಕಳಿಗೆ ಎರಡು ಮಾತು ಹೊರೆಯಲ್ಲ. ಶಾಲೆಯಲ್ಲಿ ಯಾರಾದರೂ ನಿಮ್ಮ ಮಗನನ್ನು ನೋಡಿ ನಗುತ್ತಿದ್ದಾರಾ ಅಂತ ಮೊದಲು ವಿಚಾರಿಸಿ. ಮೇಷ್ಟ್ರ ಮೇಲೆ ಮುನಿಸಿಕೊಳ್ಳಬೇಡಿ.
– ಅಂಗನವಾಡಿ ಕಾರ್ಯಕರ್ತೆ, ಬೆಟ್ಟಕುರುಬ ಸಮುದಾಯ

*

ಅವ್ವಾ, ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ನಮ್ಮ ಹಿರಿಯರು ಬೇಸಿಗೆಯ ಮೊದಲಿಗೇ ಒಣಗಿದ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅನ್ನುತ್ತೇವೆ. ದೊಡ್ಡ ಮರಕ್ಕೆ ಅದು ತಾಗುವುದಿಲ್ಲ, ನೆಲ ಮಾತ್ರ ಸುಟ್ಟು ಹುಲ್ಲು ಚಿಗುರುತ್ತದೆ. ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಕಳೆ ಹೇಗೆ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಅನ್ನುವ ಬಂದಳಿಕೆ ಹೇಗೆ ಹತ್ತಿಕೊಂಡಿತು ಅಂತ ನಮ್ಮವರು ಮೊದಲಿನಿಂದ ಹೇಳುತ್ತಲೇ ಇದ್ದರು. ಸಂಶೋಧಕರು ಬಂದು ಕೇಳಿ ಬರೆದುಕೊಂಡಿದ್ದು ಎಷ್ಟೋ ವರ್ಷದ ಮೇಲೆ. ಶಾಲೆಯಲ್ಲಿ ನನ್ನ ಮಗಳು ಕಲಿತದ್ದು ‘ಕಾಡಿಗೆ ಬೆಂಕಿ ಹಚ್ಚುವುದು ಅಪರಾಧ’ ಅನ್ನುವ ಒಂದೇ ಸಾಲು. ತರಗು ಬೆಂಕಿಗೂ ಕಾಳ್ಗಿಚ್ಚಿಗೂ ಬೇರೆ ಬೇರೆ ಹೆಸರು ಗೊತ್ತಿಲ್ಲದ ಮಗುವಿಗೆ ಆ ಎರಡು ಬೆಂಕಿಯ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಮಾತು ಹೋದರೆ ಅದರೊಳಗಿದ್ದ ಕಾಡೂ ಹೋಗುತ್ತದೆ ಕಣವ್ವಾ. ರಜೆಯಲ್ಲಿ ಮಗನನ್ನು ಅಜ್ಜಿಯ ಜೊತೆ ಕಾಡಿಗೆ ಕಳಿಸು.
– ಒಬ್ಬ ತಂದೆ, ಯಳಂದೂರು ತಾಲ್ಲೂಕು

*

ಕಾನೂನು ನಿಮ್ಮ ಕಡೆಗಿದೆ ಅಮ್ಮಾ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಸಾಧ್ಯವಾದಷ್ಟೂ ಮಗುವಿನ ತಾಯಿನುಡಿಯಲ್ಲೇ ಪಾಠ ನಡೆಯಬೇಕು ಅನ್ನುತ್ತದೆ. 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಾತಿನ ಕಾರಣಕ್ಕೆ ಮಗುವನ್ನು ಹೀಯಾಳಿಸಿದರೆ ಅದೂ ಕಿರುಕುಳವೇ ಅಂತ ನೀವು ಧೈರ್ಯವಾಗಿ ವಾದಿಸಬಹುದು. ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಪಾಠಕ್ಕೆ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ.

ಎಲ್ಲಕ್ಕಿಂತ ಉಪಯೋಗವಾಗುವುದು 21ನೇ ಸೆಕ್ಷನ್. ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ಹಿಂದುಳಿದ ಸಮುದಾಯಗಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ನಿಮ್ಮ ಶಾಲೆಯ ಈ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಹಾಡಿಯ ಎಷ್ಟು ತಾಯಂದಿರಿದ್ದಾರೆ? ಒಬ್ಬರೂ ಇಲ್ಲದಿದ್ದರೆ ಮುಂದಿನ ಸಭೆಗೆ ನಾಲ್ಕೈದು ಮಂದಿ ಒಟ್ಟಿಗೆ ಹೋಗಿ. ಹಾಡಿಯಲ್ಲಿ ಹತ್ತನೇ ತರಗತಿ ಓದಿದ ಹುಡುಗಿಯರಿದ್ದರೆ ಒಂದನೇ, ಎರಡನೇ ತರಗತಿಗೆ ಸಹಾಯಕ್ಕೆ ತೆಗೆದುಕೊಳ್ಳಿ ಅಂತ ಕೇಳಿ. ಒಡಿಶಾದಲ್ಲಿ 2007ರಲ್ಲಿ ಹತ್ತು ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಪಾಠ ಆರಂಭಿಸಿದರು, ಆಯಾ ಭಾಷೆಯ ಯುವಜನರನ್ನೇ ಕಲಿಸಲು ನೇಮಿಸಿದರು. ನ್ಯೂಜಿಲೆಂಡಿನ ಮಾವೋರಿಗಳು ತಮ್ಮ ಮಾತು ಅಳಿಯುತ್ತಿದೆ ಅಂತ ಕಂಡು 1982ರಲ್ಲಿ ತೆರೆದ ಶಿಶುವಿಹಾರಗಳಿಗೆ ‘ನುಡಿಗೂಡು’ ಎಂಬ ಅರ್ಥದ ಹೆಸರಿದೆ. ಅಲ್ಲಿ ಕಲಿಸಲು ಕೂತವರಲ್ಲಿ ಅಜ್ಜಿ-ತಾತಂದಿರೇ ಮುಂದಿದ್ದರು. ನಿಮ್ಮ ಅತ್ತೆಯವರನ್ನು ವಾರಕ್ಕೊಂದು ದಿನ ಕತೆ ಹೇಳಲು ಶಾಲೆ ಕರೆಯಬೇಕು ಅನ್ನುವ ಮಾತನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ.
– ವಕೀಲೆ, ಮೈಸೂರು

*

ಅಕ್ಕಾ, ನಾನೂ ಜೇನುಕುರುಬರ ಹುಡುಗಿ. ಒಂದರಿಂದ ಏಳನೇ ತರಗತಿಯವರೆಗೆ ಆಶ್ರಮ ಶಾಲೆಯಲ್ಲಿದ್ದೆ, ಈಗ ನರ್ಸ್. ಅಲ್ಲಿ ಹೊಟ್ಟೆಗೆ ಕಡಿಮೆಯಾಗಲಿಲ್ಲ. ಅಪ್ಪ ಅವ್ವ ಕಾಫಿ ಕೊಯ್ಲಿಗೆ ಕೊಡಗಿಗೆ ಹೋದಾಗ ನನ್ನ ಜೊತೆಯ ಮಕ್ಕಳು ಶಾಲೆ ಬಿಟ್ಟರು, ನಾನು ಬಿಡಲಿಲ್ಲ. ಆ ಋಣ ನನಗೆ ನೆನಪಿದೆ.

ಆದರೆ ಆರು ವರ್ಷಕ್ಕೆ ಹೋದವಳು ರಜೆಗೆ ಬಂದಾಗ ಅಜ್ಜಿಯ ಪಕ್ಕ ಮಲಗಿ ಅವಳ ಕತೆ ಅರ್ಧ ಅರ್ಥವಾಗದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕೇಳಿದರೆ ನೊಂದುಕೊಂಡಾಳು ಅಂತ ‘ಹ್ಞೂಂ’ ಅನ್ನುತ್ತಿದ್ದೆ. ಕೊನೆಯ ಕಾಯಿಲೆಯಲ್ಲಿ ಅವಳು ನನ್ನ ಕೈ ಹಿಡಿದು ಏನೋ ಹೇಳಿದಳು. ನರ್ಸ್ ಆಗಿದ್ದೂ ಮೊಮ್ಮಗಳಾಗಿದ್ದೂ ನನಗೆ ತಿಳಿಯಲಿಲ್ಲ. ಅವ್ವನನ್ನು ಕೇಳಬೇಕಾಯಿತು. ಬಿಸಿನೀರು ಕೇಳಿದ್ದಳಂತೆ.

ಈಗಲೇ ಕಳಿಸಬೇಡಿ. ಐದನೇ ತರಗತಿವರೆಗಾದರೂ ಮನೆಯಿಂದಲೇ ಹೋಗಿ ಬರಲಿ. ನೀವು ಕೂಲಿಗೆ ಹೋಗುವ ತಿಂಗಳುಗಳಲ್ಲಿ ಅತ್ತೆ ಹಾಡಿಯಲ್ಲೇ ಉಳಿದರೆ ಇದು ಸಾಧ್ಯ, ಭಾವನಿಗೆ ಇದನ್ನು ಹೇಳಿ. ಅಜ್ಜಿ ಹೋದ ಮೇಲೆ ನಾನು ಅವ್ವನ ಬಾಯಿಂದ ನಮ್ಮ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ, ಎಡಕ್ಕೆ ಜೇನುನುಡಿ, ಬಲಕ್ಕೆ ಕನ್ನಡ. ಅರವತ್ತು ಪುಟವಾಗಿದೆ. ಜೆರಾಕ್ಸ್ ಮಾಡಿಸಿ ಪತ್ರಿಕೆಯ ಕಚೇರಿಗೆ ಕಳಿಸಿದ್ದೇನೆ, ನಿಮಗೆ ತಲುಪಿಸುತ್ತಾರೆ. ತಪ್ಪಿದ್ದರೆ ನಿಮ್ಮ ಅತ್ತೆಯ ಹತ್ತಿರ ತಿದ್ದಿಸಿ ನನಗೊಂದು ಪ್ರತಿ ಕಳಿಸಿ.
– ಶುಶ್ರೂಷಕಿ, ಹೆಗ್ಗಡದೇವನಕೋಟೆ ತಾಲ್ಲೂಕು